ಮಳೆಗಾಲದಲ್ಲಿ ಕೋವಿಗೆ ಯಾವ ಎಣ್ಣೆ?

ಒಂದು ವರ್ಷ ಮೇ ಕೊನೆಯಲ್ಲಿ, ಮಳೆ ಹಿಡಿಯುವ ಮೊದಲು, ಮನೆಯ ಕೋವಿಗೆ ನಾನೇ ಮುತುವರ್ಜಿಯಿಂದ ಎಣ್ಣೆ ಹಚ್ಚಿದೆ. ಅಡುಗೆಮನೆಯ ತೆಂಗಿನೆಣ್ಣೆ. ಧಾರಾಳವಾಗಿಯೇ ಹಚ್ಚಿದೆ. ಕ್ಯಾನ್ವಾಸ್ ಚೀಲಕ್ಕೆ ಹಾಕಿ, ಜಿಪ್ ಎಳೆದು, ಮೂಲೆಯಲ್ಲಿ ನಿಲ್ಲಿಸಿದೆ. ಸೆಪ್ಟೆಂಬರ್‌ನಲ್ಲಿ, ಕೊಡಗಿನ ಆಯುಧ ಪೂಜೆಯ ಹಬ್ಬ ಕೈಲ್ ಮುಹೂರ್ತಕ್ಕೆ ಎರಡು ದಿನ ಇರುವಾಗ ತೆಗೆದರೆ ಚೀಲದ ಒಳಗೆಲ್ಲ ಬೂಷ್ಟು. ನಳಿಗೆಯ ಮೇಲೆ ಹಳದಿ ಜಿಡ್ಡು, ಅದರ ಅಡಿಯಲ್ಲಿ ಕಂದು ಚುಕ್ಕಿ. ಕುದುರೆ, ಅಂದರೆ ಕೋವಿಯ ಬಡಿಯುವ ಸುತ್ತಿಗೆ, ಎಳೆದರೆ ಅರ್ಧಕ್ಕೇ ನಿಲ್ಲುತ್ತಿತ್ತು. ಅಜ್ಜ ಮೂಸಿ ನೋಡಿ ಕೇಳಿದ್ದು ಇಷ್ಟೇ: "ಎಣ್ಣೆ ಹಚ್ಚಿದ್ದೋ, ಒಗ್ಗರಣೆ ಹಾಕಿದ್ದೋ?"

ತಪ್ಪು ತೆಂಗಿನೆಣ್ಣೆಯದ್ದಲ್ಲ, ನನ್ನದು. ಸುಮಾರು 24 ಡಿಗ್ರಿಗಿಂತ ಕೆಳಗೆ ಅದು ಗಟ್ಟಿಯಾಗುತ್ತದೆ. ಆಗಸ್ಟ್ ತಿಂಗಳಲ್ಲಿ ಮಡಿಕೇರಿ ಕಡೆಯ ಮನೆಗಳಲ್ಲಿ ತೆಂಗಿನೆಣ್ಣೆ ಬಾಟಲಿಯನ್ನು ಒಲೆ ಪಕ್ಕ ಇಡದಿದ್ದರೆ ತಲೆಗೆ ಹಚ್ಚಲಿಕ್ಕೂ ಸಿಗುವುದಿಲ್ಲ, ಅಲ್ವಾ? ಕೋವಿಯ ಒಳಗೆ ಮಾತ್ರ ಅದು ನೀರಾಗಿಯೇ ಇರುತ್ತದೆ ಅಂತ ನಾನು ಹೇಗೆ ಅಂದುಕೊಂಡೆನೋ. ಹಳತಾದರೆ ಅದು ಕಮಟು ಹಿಡಿಯುತ್ತದೆ. ಆಗ ಹುಟ್ಟುವ ಆಮ್ಲ ಹಿತ್ತಾಳೆಯನ್ನು ಹಸಿರು ಮಾಡುತ್ತದೆ. ತೋಟೆಯ (ಕಾಡತೂಸಿನ) ಬುಡದಲ್ಲಿ ಆ ಹಸಿರು ಕಂಡವರಿಗೆ ಗೊತ್ತಿರುತ್ತದೆ.

ಆಮೇಲೆ ಹಲವು ಮಳೆಗಾಲ ಬೇರೆ ಬೇರೆ ಎಣ್ಣೆ ಹಚ್ಚಿ ನೋಡಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಇದು ಕಾನೂನು ಪ್ರಕಾರ ಮನೆಯಲ್ಲಿ ಕೋವಿ ಇಟ್ಟುಕೊಂಡವರಿಗೆ. ಲೈಸೆನ್ಸ್ ಇರುವವರಿಗೆ, ಇಲ್ಲವೇ ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಲೈಸೆನ್ಸಿನಿಂದ ಇರುವ ವಿನಾಯಿತಿ ಪತ್ರ ಪಡೆದವರಿಗೆ. ಆ ವಿನಾಯಿತಿಯನ್ನು 2019ರಲ್ಲಿ ಹತ್ತು ವರ್ಷಕ್ಕೆ, ಅಂದರೆ 2029ರವರೆಗೆ ಮುಂದುವರಿಸಿದ್ದಾರೆ.

ನಮ್ಮ ಊರಿನ ಲೆಕ್ಕವೇ ಬೇರೆ

ಗಾಳಿಯ ತೇವಾಂಶ ಸುಮಾರು 60 ಶೇಕಡಾ ದಾಟಿತು ಅಂದರೆ ಬರಿಗಬ್ಬಿಣಕ್ಕೆ ತುಕ್ಕು ಹಿಡಿಯುವ ವೇಗ ಏರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಮನೆಗಳ ಗಾಳಿ ಅದಕ್ಕಿಂತ ಕೆಳಗೆ ಇಳಿಯುವುದೇ ಅಪರೂಪ. ಮಡಿಕೇರಿಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ದಾಟಿ ಮಳೆ ಬೀಳುತ್ತದೆ, ಭಾಗಮಂಡಲದ ಕಡೆ ಇನ್ನೂ ಜಾಸ್ತಿ. ಕುಶಾಲನಗರದವರು ಸ್ವಲ್ಪ ಪುಣ್ಯವಂತರು. ಯೂಟ್ಯೂಬ್‌ನಲ್ಲಿ ಗನ್ ಆಯಿಲ್ ಬಗ್ಗೆ ಮಾತಾಡುವ ಎಷ್ಟೋ ಜನರ ಊರು ಒಣ ಊರು. ಅವರಿಗೆ ಧೂಳಿನ ಚಿಂತೆ, ಕೋವಿ ಸರಾಗವಾಗಿ ಆಡುತ್ತದೋ ಇಲ್ಲವೋ ಅನ್ನುವ ಚಿಂತೆ. ನಮಗೆ ಒಂದೇ ಪ್ರಶ್ನೆ: ನಾಲ್ಕು ತಿಂಗಳು ನೀರನ್ನು ಕಬ್ಬಿಣಕ್ಕೆ ಮುಟ್ಟಿಸದೆ ಇಡುವುದು ಯಾವುದು?

ಮೊದಲು ಖಾಲಿ ಇದೆಯಾ ನೋಡಿ

ಎಣ್ಣೆಯ ಮಾತು ಆಮೇಲೆ. ಕೋವಿ ಕೈಗೆ ಬಂದ ಕೂಡಲೇ ನಳಿಗೆಯನ್ನು ಜನ, ದನ ಯಾರೂ ಇಲ್ಲದ ಕಡೆ ತಿರುಗಿಸಿ. ತೋಟೆ ಕೋವಿಯಾದರೆ ಮಡಚಿ ಎರಡೂ ನಳಿಗೆಯಲ್ಲಿ ಬೆಳಕು ನೋಡಿ. ರೈಫಲ್ ಆದರೆ ಮ್ಯಾಗಜಿನ್ ಖಾಲಿ ಮಾಡಿ, ಬೋಲ್ಟ್ ಹಿಂದಕ್ಕೆಳೆದು ಕಣ್ಣಿನಲ್ಲೂ ನೋಡಿ, ಕಿರುಬೆರಳಿನಲ್ಲೂ ಮುಟ್ಟಿ ನೋಡಿ. ತೋಟೆಗಳನ್ನು ಬೇರೆ ಕೋಣೆಯಲ್ಲಿ ಇಟ್ಟು ಬನ್ನಿ.

ಕೇಪಿನ ಕೋವಿಯಲ್ಲಿ, ಅಂದರೆ ಬಾಯಿಯಿಂದ ಮದ್ದು ತುಂಬಿ ಕೇಪು ಅನ್ನುವ ಸಣ್ಣ ಲೋಹದ ಟೊಪ್ಪಿಯಿಂದ ಹೊತ್ತಿಸುವ ಹಳೇ ಕೋವಿಯಲ್ಲಿ, ಬೆಳಕು ಕಾಣುವುದಿಲ್ಲ. ಅದಕ್ಕೆ ಹಳಬರ ಉಪಾಯ ಒಂದಿದೆ. ಕೇಪು ಕೂರಿಸುವ ತೊಟ್ಟಿನ ಮೇಲೆ ಕೇಪು ಇಲ್ಲ ಅಂತ ಖಚಿತ ಮಾಡಿಕೊಳ್ಳಿ. ಮುಖ, ಎದೆ ನಳಿಗೆಯ ಬಾಯಿಗೆ ಅಡ್ಡ ಬರದ ಹಾಗೆ ನಿಂತು ಗಜವನ್ನು (ಮದ್ದು ಒತ್ತುವ ಸಲಾಕೆ) ಮೆಲ್ಲಗೆ ಕೊನೆವರೆಗೆ ಇಳಿಸಿ. ಬಾಯಿಯ ಮಟ್ಟಕ್ಕೆ ಬೆರಳಿನಲ್ಲಿ ಗುರುತು ಹಿಡಿದು ಹೊರಗೆ ತೆಗೆಯಿರಿ. ಅದೇ ಗುರುತನ್ನು ಬಾಯಿಗೆ ಸರಿಯಾಗಿ ಇಟ್ಟು ಗಜವನ್ನು ನಳಿಗೆಯ ಹೊರಗೆ ಪಕ್ಕದಲ್ಲಿ ಹಿಡಿಯಿರಿ. ತುದಿ ಹತ್ತಿರಹತ್ತಿರ ತೊಟ್ಟಿನ ಬುಡದವರೆಗೆ ಬರಬೇಕು. ಮೂರ್ನಾಲ್ಕು ಬೆರಳು ಮೊದಲೇ ನಿಂತರೆ ಒಳಗೆ ಏನೋ ಇದೆ. ಯಾರೋ ಹಿಂದಿನ ಹುತ್ತರಿಗೆ ತುಂಬಿ ಮರೆತ ಮದ್ದೇ ಇರಬಹುದು. ಅಂಥದ್ದನ್ನು ನೀವು ಚುಚ್ಚಬೇಡಿ, ಬಿಸಿ ಮಾಡಬೇಡಿ. ಲೈಸೆನ್ಸ್ ಇರುವ ಕೋವಿ ರಿಪೇರಿಯವರ ಕೆಲಸ ಅದು.

ನಾಲ್ಕು ಕೆಲಸಕ್ಕೆ ಒಂದೇ ಎಣ್ಣೆ ಸಾಲದು

ನಾನು ಎಡವಿದ್ದು ಇಲ್ಲಿ. ಎಣ್ಣೆ ಅಂದರೆ ಎಣ್ಣೆ ಅಂದುಕೊಂಡಿದ್ದೆ. ಕೋವಿಯಲ್ಲಿ ತೊಳೆಯುವ ಕೆಲಸ ಒಂದು, ಜಾರಿಸುವ ಕೆಲಸ ಒಂದು, ಕಾಯುವ ಕೆಲಸ ಒಂದು. ಮರದ ಹಿಡಿಯದ್ದು ಪೂರ್ತಿ ಬೇರೆ ಕೆಲಸ. ತೊಳೆಯುವುದು ತೆಳ್ಳಗೆ ಇರಬೇಕು, ಕೊಳೆಯನ್ನು ಕರಗಿಸಬೇಕು. ಕಾಯುವುದು ದಪ್ಪ ಇರಬೇಕು, ಜಾಗ ಬಿಟ್ಟು ಹೋಗಬಾರದು. ಎರಡೂ ಒಂದೇ ಬಾಟಲಿಯಲ್ಲಿ ಚೆನ್ನಾಗಿ ಸಿಗುವುದು ಕಷ್ಟ. ಮಿಲಿಟರಿಯಲ್ಲಿ ಬಳಸುವ ಸಿಎಲ್‌ಪಿ ಅನ್ನುವ ಜಾತಿಯ ಎಣ್ಣೆ ಮೂರೂ ಮಾಡುತ್ತೇನೆ ಅನ್ನುತ್ತದೆ. ಮಾಡುತ್ತದೆ ಕೂಡ. ಆದರೆ ದಿನಾ ಒರೆಸಿ ಬಳಸುವ ಬಂದೂಕಿಗೆ ಸರಿ, ನಾಲ್ಕು ತಿಂಗಳು ಮುಟ್ಟದೆ ಇಡುವ ಕೋವಿಗೆ ಅದೊಂದನ್ನೇ ನಾನು ನಂಬುವುದಿಲ್ಲ.

ಒಂದೊಂದಾಗಿ ಹೇಳುತ್ತೇನೆ.

ಹೊಲಿಗೆ ಮೆಷಿನ್ ಎಣ್ಣೆ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. ತೆಳ್ಳಗಿನ ಮಿನರಲ್ ಆಯಿಲ್. ಕುದುರೆ, ಟ್ರಿಗರ್, ಸ್ಪ್ರಿಂಗ್ ಇರುವಲ್ಲಿ ಒಂದೊಂದು ಹನಿಗೆ ಬಹಳ ಒಳ್ಳೆಯದು, ಅಂಟು ಕಟ್ಟುವುದಿಲ್ಲ. ಆದರೆ ನಿಂತ ನಳಿಗೆಯ ಮೇಲೆ ನಿಲ್ಲುವುದಿಲ್ಲ. ನಿಧಾನವಾಗಿ ಕೆಳಗೆ ಇಳಿದು ಹೋಗುತ್ತದೆ. ಮಳೆಗಾಲದ ಕಾವಲಿಗೆ ಇದು ಸಾಲದು.

ಡಬ್ಲ್ಯೂಡಿ-40ರ ವಿಷಯದಲ್ಲಿ ಎಲ್ಲರೂ ಜಗಳ ಆಡುತ್ತಾರೆ. ಅದು 1953ರಲ್ಲಿ ಅಮೆರಿಕದಲ್ಲಿ ಹುಟ್ಟಿದ್ದು. ಹೆಸರಿನ ಅರ್ಥವೇ ನೀರನ್ನು ಸರಿಸುವುದು, ನಲವತ್ತನೇ ಪ್ರಯತ್ನದಲ್ಲಿ ಹದ ಸಿಕ್ಕಿತಂತೆ. ಹಾಗಾಗಿ ಅದನ್ನು ಅದರ ಕೆಲಸಕ್ಕೆ ಬಳಸಿ. ಮಳೆಯಲ್ಲಿ ನೆನೆದು ಬಂದ ಕೋವಿಗೆ ಮೊದಲು ಸಿಂಪಡಿಸಿ, ಸಂದಿಯಲ್ಲಿ ಕೂತ ನೀರು ಹೊರಗೆ ಬರುತ್ತದೆ. ಒರೆಸಿ. ಆಮೇಲೆ ಅದರ ಮೇಲೆ ಕಾವಲಿನ ಎಣ್ಣೆ ಹಚ್ಚಿ. ಅದೊಂದನ್ನೇ ಹಚ್ಚಿಟ್ಟು ಮಲಗಬೇಡಿ.

ಸೀಮೆಎಣ್ಣೆ, ಡೀಸೆಲ್ ಜಿಡ್ಡು ತೆಗೆಯಲಿಕ್ಕೆ ಆಗುತ್ತವೆ, ಕಾಯಲಿಕ್ಕೆ ಅಲ್ಲ. ಪೆಟ್ರೋಲ್ ಬೇಡವೇ ಬೇಡ, ಒಲೆ ಉರಿಯುವ ಮನೆ ನಮ್ಮದು.

ಜೀಪಿನಿಂದ ಇಳಿಸಿದ ಹಳೆ ಎಂಜಿನ್ ಆಯಿಲ್ ಹಚ್ಚುವವರು ಈಗಲೂ ಇದ್ದಾರೆ. ಕಪ್ಪಗೆ, ದಪ್ಪಗೆ ಇರುವುದರಿಂದ ಗಟ್ಟಿ ಕಾವಲು ಅನ್ನಿಸುತ್ತದೆ. ಅದರಲ್ಲಿ ಮಸಿ, ಆಮ್ಲ, ಸವೆದ ಲೋಹದ ಪುಡಿ ಎಲ್ಲ ಇರುತ್ತದೆ. ಗೇಟಿನ ಕೀಲಿಗೆ ಹಾಕಿ, ಬೇಲಿ ಕಂಬಕ್ಕೆ ಬಳಿಯಿರಿ. ಕೋವಿಗೆ ಬೇಡ. ಬೇರೆ ಏನೂ ಇಲ್ಲದ ದಿನ ಹೊಸ ಡಬ್ಬದ ಎಂಜಿನ್ ಆಯಿಲ್ ಒಂದು ಹನಿ ಹಾಕಿದರೆ ತಪ್ಪಲ್ಲ.

ಇನ್ನು ಕಾವಲಿನ ಜಾತಿಗೆ ಬರೋಣ. ಲೇತ್ ವರ್ಕ್‌ಶಾಪ್‌ನವರು ಬಿಡಿಭಾಗಕ್ಕೆ ಹಚ್ಚುವ ತುಕ್ಕು ತಡೆಯುವ ಎಣ್ಣೆ ಬರುತ್ತದೆ, ರಸ್ಟ್ ಪ್ರಿವೆಂಟಿವ್ ಆಯಿಲ್ ಅಂತ ಕೇಳಿ. ಹಚ್ಚಿದ ಮೇಲೆ ಅದರ ತೆಳು ಭಾಗ ಆರಿ, ಮೇಣದ ಹಾಗೆ ಒಂದು ಪದರ ಉಳಿಯುವ ಬಗೆಯನ್ನೇ ಕೇಳಿ ತೆಗೆದುಕೊಳ್ಳಿ. ನಳಿಗೆಯ ಹೊರಮೈಗೂ ಒಳಮೈಗೂ ನನ್ನ ಆಯ್ಕೆ ಇದೇ. ಅದು ಸಿಗದಿದ್ದರೆ ಮೆಡಿಕಲ್ ಶಾಪಿನ ಪೆಟ್ರೋಲಿಯಂ ಜೆಲ್ಲಿ, ನಾವು ವ್ಯಾಸಲಿನ್ ಅನ್ನುವುದು. ಬೆರಳಿಗೆ ಸ್ವಲ್ಪವೇ ತಗೊಂಡು ಬಟ್ಟೆಯಲ್ಲಿ ಉಜ್ಜಿ ತೆಳ್ಳಗೆ ಮಾಡಬೇಕು. ಸುವಾಸನೆ ಇಲ್ಲದ ಸಾದಾ ಜೆಲ್ಲಿ ಆಗಬೇಕು. ಲ್ಯಾನೊಲಿನ್ ಕೂಡ ಒಳ್ಳೆಯದು. ಅದು ಕುರಿ ಉಣ್ಣೆಯ ಜಿಡ್ಡು. ಮಳೆಯಲ್ಲಿ ಕುರಿಯ ಮೈಯಿಂದ ನೀರು ಜಾರಿ ಹೋಗುವುದು ಅದರಿಂದಲೇ.

ಮಡಚುವ ಕೀಲಿಗೆ ಮಾತ್ರ ಗ್ರೀಸ್. ನಳಿಗೆ ಕೊಂಡಿ ಹಾಕಿ ಕೂರುವ ಆ ಜಾಗದಲ್ಲಿ ಲೋಹದ ಮೇಲೆ ಲೋಹ ಒತ್ತಿ ಜಾರುತ್ತದೆ, ತೆಳ್ಳಗಿನ ಎಣ್ಣೆ ಅಲ್ಲಿ ನಿಲ್ಲದು. ಬೈಕಿಗೆ ಹಾಕುವ ಲಿಥಿಯಂ ಗ್ರೀಸ್ ಸಾಕು, ಒಂದು ಅಕ್ಕಿಕಾಳಿನಷ್ಟು. ಹಳೆಯದನ್ನು ಒರೆಸಿಯೇ ಹೊಸದು ಹಾಕಿ. ಹಳೆ ಗ್ರೀಸಿನಲ್ಲಿ ಸೇರಿದ ಧೂಳು ಮರಳು ಕಾಗದದ ಕೆಲಸ ಮಾಡುತ್ತದೆ.

ನಂಬಿಕೆ ಬಾರದಿದ್ದರೆ ಒಂದು ಪರೀಕ್ಷೆ ಮಾಡಿ. ನಾನು ಮಾಡಿದ್ದೇ ಇದು. ಒಂದು ಕಬ್ಬಿಣದ ಪಟ್ಟಿಯನ್ನು ಮರಳು ಕಾಗದದಲ್ಲಿ ಹೊಳೆಯುವ ಹಾಗೆ ಉಜ್ಜಿ, ಐದು ಭಾಗ ಮಾಡಿ ಗೀರು ಹಾಕಿ. ಒಂದು ಭಾಗ ಬರಿದಾಗಿ ಬಿಡಿ, ಉಳಿದ ನಾಲ್ಕಕ್ಕೆ ನಾಲ್ಕು ಎಣ್ಣೆ. ಎರಚಲು ಬೀಳದ ಜಗಲಿಯಲ್ಲಿ ಅಡ್ಡಡ್ಡ ತೂಗುಹಾಕಿ ಕಕ್ಕಡ ತಿಂಗಳು (ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ) ಪೂರ್ತಿ ಬಿಡಿ. ನನ್ನ ಪಟ್ಟಿಯಲ್ಲಿ ಬರಿಯ ಭಾಗ ಎರಡೇ ದಿನದಲ್ಲಿ ಕೆಂಪಾಯಿತು. ಹೊಲಿಗೆ ಮೆಷಿನ್ ಎಣ್ಣೆಯದ್ದು ಎರಡು ವಾರ ತಡೆಯಿತು. ತೆಂಗಿನೆಣ್ಣೆಗೆ ಇರುವೆ ಬಂತು. ಮೇಣದ ಪದರದ ಎಣ್ಣೆಯೂ ವ್ಯಾಸಲಿನ್ನೂ ಸಂಕ್ರಮಣದವರೆಗೂ ಗೆದ್ದವು. ನಿಮ್ಮ ಮನೆಯ ಫಲಿತಾಂಶ ಸ್ವಲ್ಪ ಬೇರೆ ಇರಬಹುದು. ಅದಕ್ಕೇ ಪರೀಕ್ಷೆ ನಿಮ್ಮ ಜಗಲಿಯಲ್ಲೇ ಆಗಬೇಕು.

ಕೇಪಿನ ಕೋವಿಗೆ ಮೊದಲು ನೀರು

ಕೈಲ್ ಮುಹೂರ್ತಕ್ಕೋ ಹುತ್ತರಿಗೋ ಕರಿಮದ್ದು ಹಾಕಿ ಹೊಡೆದ ಕೋವಿಗೆ ಎಣ್ಣೆ ಮೊದಲ ಔಷಧಿ ಅಲ್ಲ. ಕರಿಮದ್ದು ಉರಿದ ಮೇಲೆ ಉಳಿಯುವ ಕೊಳೆಯಲ್ಲಿ ಪೊಟ್ಯಾಸಿಯಂನ ಉಪ್ಪುಗಳಿರುತ್ತವೆ. ಅವು ಗಾಳಿಯಿಂದ ನೀರು ಎಳೆಯುತ್ತವೆ, ಉಪ್ಪಿನ ಭರಣಿ ಒದ್ದೆಯಾದ ಹಾಗೆ. ಉಪ್ಪು ಎಣ್ಣೆಯಲ್ಲಿ ಕರಗುವುದಿಲ್ಲ. ಮೇಲೆ ಎಣ್ಣೆ ಹಚ್ಚಿದರೆ ಅಡಿಯಲ್ಲಿ ತುಕ್ಕು ಆರಾಮಾಗಿ ಬೆಳೆಯುತ್ತದೆ. ಮಿನರಲ್ ಆಯಿಲ್ ಜೊತೆ ಆ ಕೊಳೆ ಸೇರಿದರೆ ಡಾಂಬರಿನಂಥ ಅಂಟು ಬೇರೆ.

ಕೋವಿಗೆ ನೀರಾ ಅಂತ ನಮ್ಮ ಮನೆಯಲ್ಲೂ ಹೌಹಾರಿದರು. ಹೌದು, ನೀರೇ. ಹೊಡೆದ ದಿನವೇ ಆಗಬೇಕು, ಕಡುಬು ಪಂದಿಕರಿ ಉಂಡು ಮಲಗಿ ನಾಳೆ ನೋಡೋಣ ಅಂದರೆ ಕೆಟ್ಟಿತು. ನಳಿಗೆ ಬಿಚ್ಚಲಿಕ್ಕೆ ಬರುವುದಾದರೆ ಮರದಿಂದ ಬಿಡಿಸಿ. ತೊಟ್ಟನ್ನು ತಿರುಪಿ ತೆಗೆಯಿರಿ. ಬಕೆಟಿನಲ್ಲಿ ಸೋಪು ಹಾಕಿದ ಬಿಸಿನೀರು ತಗೊಂಡು, ಗಜದ ತುದಿಗೆ ಬಟ್ಟೆ ಸುತ್ತಿ, ಪಂಪ್ ಹೊಡೆದ ಹಾಗೆ ಮೇಲೆ ಕೆಳಗೆ ಆಡಿಸಿ. ಮೊದಲ ನೀರು ಮಸಿಯ ಹಾಗೆ ಬರುತ್ತದೆ, ಕೊಳೆತ ಮೊಟ್ಟೆಯ ವಾಸನೆ. ಅದು ಗಂಧಕದ್ದು. ನೀರು ತಿಳಿಯಾಗುವವರೆಗೆ ಬದಲಿಸಿ. ಕೊನೆಯ ನೀರು ಕೈ ತಾಳದಷ್ಟು ಬಿಸಿ ಇರಲಿ. ಕಬ್ಬಿಣವೇ ಬಿಸಿಯಾದರೆ ಉಳಿದ ತೇವ ತಾನಾಗಿ ಆರುತ್ತದೆ. ಒಣ ಬಟ್ಟೆ ನಾಲ್ಕು ಸಲ ಎಳೆದು, ನಳಿಗೆ ಇನ್ನೂ ಬೆಚ್ಚಗಿರುವಾಗಲೇ ಕಾವಲಿನ ಎಣ್ಣೆ ಹಚ್ಚಿ. ಮಾರನೇ ದಿನ ಬಿಳಿ ಬಟ್ಟೆ ಹಾಕಿ ನೋಡಿ. ಕಂದು ಬಣ್ಣ ಬಂದರೆ ಇನ್ನೊಂದು ಸಲ.

ಇದಕ್ಕೆ ಹೇಳಿಮಾಡಿಸಿದ ಎಣ್ಣೆ ಒಂದಿದೆ, ಜರ್ಮನಿಯ ಬ್ಯಾಲಿಸ್ಟಾಲ್. ನೂರು ವರ್ಷಕ್ಕೂ ಹಳೆಯದು. ನೀರಿಗೆ ಬೆರೆಸಿದರೆ ಹಾಲಿನ ಹಾಗೆ ಬೆರೆಯುತ್ತದೆ, ಹಾಗಾಗಿ ಕರಿಮದ್ದಿನ ಕೊಳೆಗೆ ಚೆನ್ನಾಗಿ ಹಿಡಿಯುತ್ತದೆ. ದುಬಾರಿ. ಇಲ್ಲದಿದ್ದರೂ ನಡೆಯುತ್ತದೆ.

ತೋಟೆ ಕೋವಿಯವರಿಗೆ ಇಷ್ಟು ರಗಳೆ ಇಲ್ಲ. ಹೊಸ ತೋಟೆಯಲ್ಲಿ ಹೊಗೆಯಿಲ್ಲದ ಮದ್ದು, ಉಪ್ಪು ಉಳಿಸದ ಕೇಪು. ಬೋರ್ ಸಾಲ್ವೆಂಟ್ ಹಾಕಿ, ಹಿತ್ತಾಳೆ ಬ್ರಶ್ಶಿನಲ್ಲಿ ಉಜ್ಜಿ, ಒಣಗಿಸಿ ಎಣ್ಣೆ ಹಚ್ಚಿದರೆ ಮುಗಿಯಿತು. ನಳಿಗೆಯ ಒಳಗೆ ಉದ್ದಕ್ಕೆ ಕಾಣುವ ಬೂದು ಗೀರು ಚರೆಯ ಸೀಸದ್ದು, ಬ್ರಶ್ಶಿಗೆ ಬರುತ್ತದೆ.

ಜಾಸ್ತಿ ಹಚ್ಚಬೇಡಿ

ಬಟ್ಟೆಗೆ ಎಣ್ಣೆ ಹಾಕಿ, ಬಟ್ಟೆಯಿಂದ ಕೋವಿಗೆ. ಬಾಟಲಿಯಿಂದ ನೇರ ಸುರಿಯುವುದು ಬೇಡ. ಹಳೆ ಬನಿಯನ್ ಒಳ್ಳೆಯದು, ನೂಲು ಬಿಡುವುದಿಲ್ಲ. ಹಚ್ಚಿದ ಮೇಲೆ ಬೆರಳು ಮುಟ್ಟಿಸಿದರೆ ಗುರುತು ಕಾಣಬೇಕು, ಹನಿ ಇಳಿಯಬಾರದು. ಗುರುತು ಕಂಡ ಜಾಗವನ್ನು ಮತ್ತೆ ಒರೆಸಿ, ಬೆವರಿನ ಉಪ್ಪಿಗೆ ಬೆರಳಚ್ಚಿನ ಆಕಾರದಲ್ಲೇ ತುಕ್ಕು ಹಿಡಿಯುತ್ತದೆ.

ಜಾಸ್ತಿಯಾದ ಎಣ್ಣೆ ಕೆಳಗೆ ಇಳಿಯುತ್ತದೆ. ಕೋವಿಯನ್ನು ಬಾಯಿ ಮೇಲೆ ಮಾಡಿ ನಿಲ್ಲಿಸಿದ್ದರೆ ಅದೆಲ್ಲ ಕಬ್ಬಿಣ ಮರಕ್ಕೆ ಕೂಡುವ ಜಾಗಕ್ಕೆ ಬರುತ್ತದೆ. ಎಷ್ಟೋ ಹಳೆ ಕೋವಿಗಳ ಹಿಡಿ ಅಲ್ಲಿ ಕಪ್ಪಾಗಿ, ಮೆತ್ತಗಾಗಿ, ಕೊನೆಗೆ ಸೀಳಿರುವುದು ಇದರಿಂದಲೇ. ಎಣ್ಣೆ ಹಚ್ಚಿದ ಮೊದಲ ಎರಡು ದಿನ ಬಾಯಿ ಕೆಳಗೆ ಮಾಡಿ, ಅಡಿಗೆ ಬಟ್ಟೆ ಹಾಕಿ ನಿಲ್ಲಿಸಿ.

ಮರಕ್ಕೆ ಕಬ್ಬಿಣದ ಎಣ್ಣೆ ಬೇಡ. ಅಗಸೆ ಎಣ್ಣೆ ಕೆಲವೇ ಹನಿ, ಅಂಗೈಯಲ್ಲಿ ಬಿಸಿ ಆಗುವ ಹಾಗೆ ತಿಕ್ಕಿ, ಉಳಿದದ್ದು ಒರೆಸಿ. ಅದು ಆರಿ ಗಟ್ಟಿಯಾಗುವ ಎಣ್ಣೆ. ಅದಕ್ಕೇ ಬೇಸಿಗೆಯಲ್ಲಿ ಮಾಡಿ, ಮಳೆಯಲ್ಲಿ ವಾರವಾದರೂ ಆರದೆ ಅಂಟುತ್ತದೆ. ಅದೇ ಕಾರಣಕ್ಕೆ ಕುದುರೆ, ಟ್ರಿಗರ್ ಹತ್ತಿರ ಅದನ್ನು ಸುಳಿಯಲು ಬಿಡಬೇಡಿ. ಒರೆಸಿದ ಬಟ್ಟೆಯನ್ನು ಉಂಡೆ ಮಾಡಿ ಮೂಲೆಗೆ ಎಸೆಯಲೇಬೇಡಿ. ಆರುವಾಗ ಅಗಸೆ ಎಣ್ಣೆ ಬಿಸಿಯಾಗುತ್ತದೆ, ಮುದ್ದೆಯಾದ ಬಟ್ಟೆ ತಾನಾಗಿ ಹೊತ್ತಿಕೊಳ್ಳಬಹುದು. ಹೊರಗೆ ಬಿಡಿಸಿ ಹರವಿ, ಇಲ್ಲವೇ ನೀರಿನಲ್ಲಿ ಮುಳುಗಿಸಿ.

ಎಲ್ಲಿ ಇಡುವುದು

ಎಣ್ಣೆಯ ಅರ್ಧ ಕೆಲಸ ಜಾಗ ಮಾಡುತ್ತದೆ. ಚರ್ಮದ ಚೀಲ, ಕ್ಯಾನ್ವಾಸ್ ಚೀಲ, ಸ್ಪಂಜಿನ ಪೆಟ್ಟಿಗೆ ಎಲ್ಲ ಸಾಗಿಸಲಿಕ್ಕೆ ಮಾತ್ರ. ಅವು ತೇವ ಹೀರಿ ಕಬ್ಬಿಣಕ್ಕೆ ಒತ್ತಿ ಹಿಡಿಯುತ್ತವೆ. ಹೊರಗಿನ ಗೋಡೆಗೆ ತಾಗಿಸಿ ಇಡಬೇಡಿ. ಬೀಗ ಹಾಕುವ ಅಲ್ಮೇರಾದಲ್ಲಿ, ತಳದಲ್ಲಿ ಒಂದು ಸಣ್ಣ ಹಳೇ ಮಾದರಿಯ ಬಿಸಿಯಾಗುವ ಬಲ್ಬ್ ಉರಿಸಿದರೆ ಒಳಗಿನ ಗಾಳಿ ಎರಡು ಮೂರು ಡಿಗ್ರಿ ಬೆಚ್ಚಗಾಗಿ ತೇವ ಇಳಿಯುತ್ತದೆ. ಎಲ್‌ಇಡಿ ಹಾಕಿ ಪ್ರಯೋಜನವಿಲ್ಲ. ಬಲ್ಬ್ ಇರುವಲ್ಲಿ ಎಣ್ಣೆ ಬಟ್ಟೆ, ತೋಟೆ, ಮದ್ದು ಇರಬಾರದು. ಕರೆಂಟ್ ಇಲ್ಲದ ದಿನಗಳೇ ನಮ್ಮಲ್ಲಿ ಜಾಸ್ತಿ, ಆಗ ಸಿಲಿಕಾ ಜೆಲ್. ನೀಲಿ ಹರಳು ಗುಲಾಬಿಯಾದರೆ ನೀರು ತುಂಬಿತು ಅಂತ ಅರ್ಥ. ಅಡುಗೆಗೆ ಬಳಸದ ಹಳೆ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ನೀಲಿಯಾಗುತ್ತದೆ.

ಮಳೆಗಾಲದ ನಡುವೆ ಒಮ್ಮೆ ತೆಗೆದು ನೋಡಲೇಬೇಕು. ನಾನು ಕಕ್ಕಡ 18 ಅಂತ ದಿನ ಇಟ್ಟುಕೊಂಡಿದ್ದೇನೆ, ಮರೆಯುವುದಿಲ್ಲ. ಆ ದಿನ ಮನೆಯವರಿಗೆ ಮದ್ದು ಸೊಪ್ಪಿನ ಪಾಯಸ, ಮದ್ದಿನ ಕೋವಿಗೆ ಒಂದು ಕೈ ಎಣ್ಣೆ.

ಹೊಡೆಯುವ ಮೊದಲು ಒರೆಸಿ

ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗೆ ಕೋವಿ ಒಯ್ಯುವವರು ಇದನ್ನು ಮರೆಯಬಾರದು. ಕಾವಲಿಗೆ ಹಚ್ಚಿದ ಎಣ್ಣೆ, ಜೆಲ್ಲಿ ಎಲ್ಲ ನಳಿಗೆಯ ಒಳಗಿನಿಂದ ಪೂರ್ತಿ ಬರಬೇಕು. ಒಣ ಬಟ್ಟೆ ಎಳೆಯುತ್ತಾ ಹೋಗಿ, ಕೊನೆಯ ಬಟ್ಟೆ ಒಣಗಿಯೇ ಹೊರಬರಬೇಕು. ಒಳಗೆ ಜಿಡ್ಡಿನ ಮುದ್ದೆ ಉಳಿದರೆ ಗುಂಡಿನ ದಾರಿಗೆ ಅಡ್ಡ. ನಳಿಗೆ ಉಬ್ಬಲೂಬಹುದು.

ತೋಟೆ ಕೂರುವ ಮನೆಯಂತೂ ಚೊಕ್ಕ ಒಣಗಿರಬೇಕು. ಮದ್ದು ಉರಿದಾಗ ತೋಟೆಯ ಗೋಡೆ ಹಿಗ್ಗಿ ಸುತ್ತಲಿನ ಕಬ್ಬಿಣವನ್ನು ಕಚ್ಚಿ ಹಿಡಿಯುತ್ತದೆ, ಹಿಂದಕ್ಕೆ ಒದೆಯುವ ಬಲದ ಒಂದು ಪಾಲು ಅಲ್ಲೇ ತಡೆಯುತ್ತದೆ. ಅಲ್ಲಿ ಎಣ್ಣೆ ಇದ್ದರೆ ತೋಟೆ ಜಾರಿ, ಪೂರ್ತಿ ಪೆಟ್ಟು ಬೋಲ್ಟಿಗೋ ಕೀಲಿಗೋ ಬೀಳುತ್ತದೆ. ಹೊರದೇಶದಲ್ಲಿ ರೈಫಲ್ ತೋಟೆ ಮರುತುಂಬುವ ಹವ್ಯಾಸದವರು ಹಿತ್ತಾಳೆ ಕೊಳವೆಯನ್ನು ಅಚ್ಚಿಗೆ ಒತ್ತುವಾಗ ಲ್ಯಾನೊಲಿನ್ ಹಚ್ಚುತ್ತಾರೆ. ಹಚ್ಚಿದ್ದನ್ನು ಆಮೇಲೆ ಚೊಕ್ಕ ಒರೆಸುವುದು ಇದೇ ಕಾರಣಕ್ಕೆ. ಅಂದ ಹಾಗೆ ನಮ್ಮಲ್ಲಿ ಅದನ್ನು ಮನೆಯಲ್ಲಿ ಮಾಡಲಿಕ್ಕೆ ಹೋಗಬೇಡಿ. ವಿನಾಯಿತಿ ಇರುವುದು ಕೋವಿ ಇಟ್ಟುಕೊಳ್ಳಲಿಕ್ಕೆ. ಮದ್ದುಗುಂಡು ತಯಾರಿಸಲು 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಬೇರೆಯೇ ಲೈಸೆನ್ಸ್ ಬೇಕು.

ತೋಟೆಗೆ ತುಕ್ಕು ಬಾರದಿರಲಿ ಅಂತ ಎಣ್ಣೆ ಒರೆಸಿಡುವವರನ್ನೂ ನೋಡಿದ್ದೇನೆ. ಎಣ್ಣೆ ಕೇಪಿನ ಸಂದಿಯಿಂದ ಒಳಗೆ ಇಳಿದರೆ ತೋಟೆ ಸಾಯುತ್ತದೆ. ತೋಟೆಯನ್ನು ಬಿಗಿ ಮುಚ್ಚಳದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ, ಎಣ್ಣೆಯ ಕೈಯಲ್ಲಿ ಮುಟ್ಟಬೇಡಿ.

ಕನ್ನಿಕೋಂಬರೆಯಲ್ಲಿ, ಅಂದರೆ ಮನೆಯ ಪೂಜೆಯ ಕೋಣೆಯಲ್ಲಿ, ಪೂಜೆಗೆ ಇಡುವಾಗ ಇನ್ನೊಂದು. ಕೋವಿಗೆ ಸಿಕ್ಕಿಸುವ ತೋಕ್ ಪೂ ಒದ್ದೆಯಾಗಿರುತ್ತದೆ, ಗಂಧವೂ ಹಸಿ. ಪೂಜೆ ಮುಗಿದು ಹೂ ತೆಗೆದ ಮೇಲೆ ನಳಿಗೆಯ ಬಾಯಿಯಲ್ಲಿ ಅದರ ಎಸಳು ಉಳಿದಿದೆಯಾ ನೋಡಿ, ಗಂಧದ ಬೊಟ್ಟು ಒರೆಸಿ, ಎಣ್ಣೆ ಬಟ್ಟೆ ಒಮ್ಮೆ ಆಡಿಸಿ. ನಮ್ಮ ಕೋವಿಯ ಮೇಲೆ ಹಳೆಯ ಬೊಟ್ಟಿನ ಆಕಾರದಲ್ಲೇ ಒಂದು ತುಕ್ಕಿನ ಕಲೆ ಇದೆ. ಅಜ್ಜನ ಕಾಲದ್ದು. ಅದರ ಬಗ್ಗೆ ಅವರು ಒಗ್ಗರಣೆಯ ಮಾತು ಎತ್ತುವುದಿಲ್ಲ.